ಬೆಡ್‌ಶೀಟಿನ ಇನ್ನೊಂದು ತುದಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಆ ಲಾಂಡ್ರಿಯಲ್ಲಿ ಸೊಸೆಯ ಕಾಲ ಬಂದದ್ದು ಒಂದು ಸೋಮವಾರ. ಅಲ್ಲಿಯವರೆಗೆ ಅತ್ತೆಯ ಎದುರು ನಿಂತು ಹೋಟೆಲುಗಳ ಬೆಡ್‌ಶೀಟ್ ಮಡಚುತ್ತಿದ್ದವಳನ್ನು ಮಾಲೀಕರು ನಾಯಕತ್ವದ ತರಬೇತಿಗೆ ಕಳಿಸಿ, ಸೂಪರ್‌ವೈಸರ್ ಮಾಡಿದ್ದರು. ಜೊತೆಗೊಂದು ಮಾತೂ ಹೇಳಿದ್ದರು: "ಶನಿವಾರದೊಳಗೆ ಒಂದು ದಿನವಾದ್ರೂ ಐದು ಗಂಟೆಗೆ ವ್ಯಾನು ಹೊರಡ್ಬೇಕಮ್ಮ. ಇಲ್ಲಾಂದ್ರೆ ಹೊರಗಿನವರನ್ನ ತರ್ತೀನಿ."

ಹುಟ್ಟಿದಾಗಿನಿಂದ ಇನ್ನೊಬ್ಬರು ಹೇಳಿದ್ದನ್ನೇ ಕೇಳಿಕೊಂಡು ಬಂದವಳು ಅವಳು. ಆ ಕೆಲಸ ಅವಳಿಗೆ ಬೇಕೇ ಬೇಕಿತ್ತು.

ಮೊದಲು ಗತ್ತಿನ ನಾಯಕತ್ವ. ಸೊಂಟಕ್ಕೆ ಕೈಯಿಟ್ಟು ಅಪ್ಪಣೆ ಕೊಟ್ಟಳು. ಎಲ್ಲರೂ ಕುಂಭಕರ್ಣ ಎಂದು ಕರೆಯುತ್ತಿದ್ದ ಮಷಿನ್ನಿನವನು ದಡಬಡಿಸಿ ಎದ್ದ. ಇಸ್ತ್ರಿಯ ಅಜ್ಜ ಮುಖ ಊದಿಸಿಕೊಂಡು ಚಹಾಕ್ಕೆ ಹೋದವರು ಬರಲೇ ಇಲ್ಲ. ಅತ್ತೆ "ಆಗಲಿ ಮೇಡಂ" ಎಂದರು. ಆ ಮೇಡಂನಲ್ಲಿ ಒಂದು ಹಿಡಿ ಖಾರದಪುಡಿ ಇತ್ತು. ವ್ಯಾನು ಹೊರಟಾಗ ಏಳು ಗಂಟೆ.

ಮರುದಿನ ಪ್ರಜಾಪ್ರಭುತ್ವ. ಮೊದಲು ಯಾವುದನ್ನು ಒಗೆಯೋಣ ಎಂದು ಎಲ್ಲರನ್ನೂ ಕೇಳಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕೈ ಎತ್ತಿಸಿದಾಗ, ಎಲ್ಲವನ್ನೂ ಒಟ್ಟಿಗೇ ಹಾಕೋಣ ಎಂಬುದು ಗೆದ್ದಿತು. ಕೆಂಪು ಮೇಜುಬಟ್ಟೆಗೆ ಬಹುಮತ ಗೊತ್ತಾಗುತ್ತದೆಯೇ? ಬಿಳಿ ಬೆಡ್‌ಶೀಟುಗಳೆಲ್ಲ ಗುಲಾಬಿಯಾಗಿ ಬಂದವು, ಮತ್ತೆ ಒಗೆದರು.

ಆಮೇಲೆ ಯಾರ ತಂಟೆಗೂ ಹೋಗದ ಪದ್ಧತಿ. ಅಜ್ಜ ಹಾಡಿಕೊಂಡು ಇಸ್ತ್ರಿ ಮಾಡಿದರು, ಕುಂಭಕರ್ಣ ಹೆಸರು ಉಳಿಸಿಕೊಂಡ. ಶುಕ್ರವಾರದ ಹೊತ್ತಿಗೆ ಅವಳಿಗೆ ಇಷ್ಟು ತಿಳಿಯಿತು: ಕುಂಭಕರ್ಣನಿಗೆ ಹೇಳಬೇಕು, ಅಜ್ಜನನ್ನು ಅವರ ಪಾಡಿಗೆ ಬಿಡಬೇಕು. ಅತ್ತೆಗೆ ಏನು ಬೇಕೋ ದೇವರೇ ಬಲ್ಲ. ಇಸ್ತ್ರಿಯಾದದ್ದೆಲ್ಲ ಅವರ ಮೇಜಿನ ಮುಂದೆ ಗುಡ್ಡೆ ಬೀಳುತ್ತಿತ್ತು, ವ್ಯಾನು ಒಂದು ದಿನವೂ ಐದಕ್ಕೆ ಹೊರಟಿರಲಿಲ್ಲ.

ಶನಿವಾರ ಮಧ್ಯಾಹ್ನ ಅಳು ನುಂಗಿಕೊಂಡು ಅವರ ಮುಂದೆ ನಿಂತಳು. "ಅತ್ತೆ, ಗದರಿದೆ, ಕೇಳಿದೆ, ಬಿಟ್ಟೂ ನೋಡಿದೆ. ನಾನೇನು ಮಾಡ್ಬೇಕು ನೀವೇ ಹೇಳಿ."

ಅತ್ತೆ ದೊಡ್ಡ ಬೆಡ್‌ಶೀಟೊಂದನ್ನು ಗದ್ದಕ್ಕೆ ಸಿಕ್ಕಿಸಿಕೊಂಡು ಒಬ್ಬರೇ ಒದ್ದಾಡುತ್ತಿದ್ದರು.

"ನೀನು ಮೇಡಂ ಆದೆ, ಸಂತೋಷ. ನಿನ್ನ ಜಾಗಕ್ಕೆ ಯಾರನ್ನ ಹಾಕ್ದೆ?"

ಯಾರನ್ನೂ ಹಾಕಿರಲಿಲ್ಲ. ಮುಂದಾಳು ತಾನೇ ಕೆಲಸಕ್ಕೆ ಕೈ ಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಳು, ತಾನು ಬಿಟ್ಟುಬಂದ ಜಾಗವನ್ನು ಮರೆತಿದ್ದಳು.

"ಮೊದಲೇ ಹೇಳ್ಬಾರ್ದಿತ್ತಾ, ಅತ್ತೆ?"

"ಒಗೆಯೋದ್ರ ಬಗ್ಗೆ ಊರನ್ನೆಲ್ಲ ಕೇಳ್ದೆ. ಮಡಚೋದ್ರ ಬಗ್ಗೆ ಕೇಳಿದ್ಯಾ? ಬಾ, ತುದಿ ಹಿಡಿ."

ಹಿಡಿದಳು. ಒಬ್ಬರು ಎಳೆದರೆ ಇನ್ನೊಬ್ಬರು ಸಡಿಲ ಬಿಡುವ ಹಳೆಯ ಅಭ್ಯಾಸ, ಮಾತೇ ಬೇಕಾಗಲಿಲ್ಲ. ಗುಡ್ಡೆ ಕರಗುತ್ತ ಬಂತು. ಕೊನೆಯ ಬೆಡ್‌ಶೀಟು ಕೈಯಲ್ಲಿರುವಾಗ ಮಾಲೀಕರು ಗಡಿಯಾರ ನೋಡುತ್ತ ಒಳಗೆ ಬಂದರು. ಇನ್ನೂ ಐದಾಗಿರಲಿಲ್ಲ.

"ಸೂಪರ್‌ವೈಸರ್ ಎಲ್ಲಿ?"

"ಇಲ್ಲೇ ಇದಾರಲ್ಲ, ನಮ್ಮ ಮೇಡಂ" ಎಂದರು ಅತ್ತೆ, ಕತ್ತು ತಿರುಗಿಸದೆ. ಖಾರ ಇರಲಿಲ್ಲ. "ಸೋಮವಾರದಿಂದ ನನ್ನೆದುರಿಗೆ ಒಬ್ಬರನ್ನ ಹಾಕ್ತಾರಂತೆ. ನೀವು ಒಪ್ಪಿದೀರಂತೆ."

ಅಂಥ ಮಾತನ್ನು ಸೊಸೆ ಆಡಿಯೇ ಇರಲಿಲ್ಲ. ಆದರೂ ತುದಿ ಬಿಡದೆ, "ಹೌದು ಸರ್" ಎಂದಳು.