ಹಿಂದಿನ ಗಾಲಿಗಳ ತೂಕ

ಜುಲೈ ಮೂರನೆಯ ವಾರ. ಗೋಧಿ ಕಟಾವು ಶುರುವಾಗಿ ಎಂಟು ದಿನವಾಗಿತ್ತು. ಬೆಳಗಿನ ಇಬ್ಬನಿ ಆರುತ್ತಲೇ ಯಂತ್ರಗಳು ಹೊಲಕ್ಕಿಳಿದಿದ್ದವು. ಹತ್ತೂವರೆಗೆಲ್ಲ ಧಾನ್ಯದ ಗೋದಾಮಿನ ಗೇಟಿನಿಂದ ರೈಲುಹಳಿಯವರೆಗೂ ಲಾರಿಗಳ ಸಾಲು. ಇಲ್ಲಿಯ ವೇಬ್ರಿಡ್ಜಿನ ಕಿಟಕಿಯಲ್ಲಿ ಕೂತು ನಾನು ಹತ್ತೊಂಬತ್ತು ಸುಗ್ಗಿ ಕಳೆದಿದ್ದೇನೆ. ಲಾರಿ ಬರುತ್ತದೆ, ತೂಗುತ್ತೇನೆ, ಕಾಳಿನ ತೇವ ನೋಡುತ್ತೇನೆ, ಚೀಟಿ ಹರಿದುಕೊಟ್ಟು ಮುಂದಿನವರನ್ನು ಕರೆಯುತ್ತೇನೆ. ಆ ದಿನ ಪಶ್ಚಿಮಕ್ಕೆ, ಪಕ್ಕದ ವಯೋಮಿಂಗ್ ರಾಜ್ಯದ ಕಡೆ, ಮೋಡ ಏಳತೊಡಗಿತ್ತು. ಆಲಿಕಲ್ಲು ಬಿದ್ದರೆ ನಿಂತ ಪೈರು ಹತ್ತು ನಿಮಿಷದಲ್ಲಿ ಮಣ್ಣುಪಾಲು. ಸಾಲಿನಲ್ಲಿದ್ದ ಯಾರಿಗೂ ತಾಳ್ಮೆ ಉಳಿದಿರಲಿಲ್ಲ.

ಆ ಸಾಲಿನಲ್ಲಿ ಐದನೆಯವನಾಗಿ ನನ್ನ ತಮ್ಮ ಡೆಲ್ಮರ್ ನಿಂತಿದ್ದ. ಅವನ ಪಿಕಪ್ಪಿನ ಹಿಂದಿದ್ದದ್ದು ಗೋಧಿಯಲ್ಲ, ಮನೆ. ಗಾಲಿಗಳ ಮೇಲೆ ಎಳೆದೊಯ್ಯುವ ಮೂವತ್ತಾರು ಅಡಿಯ ಕ್ಯಾಂಪರ್; ಅದರ ಮುಂಭಾಗ ಪಿಕಪ್ಪಿನ ತೊಟ್ಟಿಯೊಳಗಿನ ಕೊಂಡಿಯ ಮೇಲೆ, ಹಸು ಗೋದಲಿಗೆ ಮೂತಿ ಊರಿದ ಹಾಗೆ ಕೂತಿತ್ತು. ಡೆಲ್ಮರನಿಗೆ ಊರೂರು ಸುತ್ತುವ ಕಟಾವು ತಂಡವೊಂದರಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತ್ತು. ಅವನ ಹೆಂಡತಿ ಟ್ವೈಲಾಳಿಗೆ ತಂಡದ ಹನ್ನೊಂದು ಜನಕ್ಕೆ ಅಡುಗೆ. ಬಿಗ್ ಹಾರ್ನ್ ಬೆಟ್ಟದ ಆಚೆ ಬಾರ್ಲಿ ಮಾಗಿತ್ತು. ಗುರುವಾರ ಸಂಜೆಯ ಊಟ ಅಲ್ಲೇ ಬೇಯಬೇಕು, ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ತಂಡದ ಯಜಮಾನ ಹೇಳಿದ್ದ. ಅವತ್ತು ಮಂಗಳವಾರ.

ಕ್ಯಾಂಪರ್ ಕೊಂಡ ದಿನದಿಂದ ಟ್ವೈಲಾ ಒಂದೇ ಮಾತು ಹಿಡಿದಿದ್ದಳು. ಎಲ್ಲವನ್ನೂ ತುಂಬಿಕೊಂಡು ವೇಬ್ರಿಡ್ಜಿಗೆ ಹೋಗೋಣ. ಲಿಯೋಟಾ ಸರಿ ಅಂದರೆ ನನ್ನ ಕಾರಿನ ಕೀಲಿ ಅವಳ ಕೈಗೆ ಕೊಟ್ಟು ನಿನ್ನ ಪಕ್ಕ ಕೂರುತ್ತೇನೆ, ಇಲ್ಲದಿದ್ದರೆ ಕೂರುವುದಿಲ್ಲ. ಲಿಯೋಟಾ ಎಂದರೆ ನಾನು.

ಡೆಲ್ಮರನ ಸರದಿ ಬಂತು. ಮೊದಲು ಪಿಕಪ್ಪಿನ ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಲು ಕೈ ಮಾಡಿದೆ. ನಾಲ್ಕು ಸಾವಿರ ಪೌಂಡು. ಹಿಂದಿನ ಗಾಲಿಗಳೂ ಹತ್ತಿದವು. ಹನ್ನೊಂದು ಸಾವಿರದ ನೂರು. ಕೊನೆಗೆ ಕ್ಯಾಂಪರೂ ಪೂರ್ತಿ ಹತ್ತಿತು. ಇಪ್ಪತ್ತೊಂದು ಸಾವಿರದ ಆರುನೂರು.

ಹಿಂದಿನ ಲಾರಿಯಿಂದ ಹಾರ್ಲನ್ ರೈಸಿಗ್ ತಲೆ ಹೊರಹಾಕಿದ. ಅವನ ಅರ್ಧ ಗೋಧಿ ಇನ್ನೂ ಹೊಲದಲ್ಲಿತ್ತು.

"ಏ ಡೆಲ್ಮರ್! ಆ ಬಂಗ್ಲೇಲಿ ತೇವ ಎಷ್ಟಿದೆ ಅಂತಾನೂ ನೋಡಿಸ್ಕೊ! ನಾವು ಕ್ರಿಸ್ಮಸ್‌ವರೆಗೂ ಇಲ್ಲೇ ಇರ್ತೀವಿ, ಆಯ್ತಾ?"

"ನಿನ್ನ ಗೋಧೀಲಿ ಕಾಳಿಗಿಂತ ಕಳೆ ಜಾಸ್ತಿ, ಸುಮ್ನೆ ಕೂರೋ," ಅಂದ ಡೆಲ್ಮರ್. ಸಾಲಿನಲ್ಲಿ ನಗೆ ಎದ್ದಿತು. ಅವನು ಇಳಿದು ಕಿಟಕಿಗೆ ಬಂದ.

"ಕ್ಯಾಂಪರ್ ಗಾಲಿ ಮೇಲೆ ಹತ್ತೂವರೆ ಸಾವಿರ, ಅಲ್ವಾ? ನನ್ ಗಾಡಿ ಹದಿನಾಲ್ಕು ಸಾವಿರ ಎಳೆಯುತ್ತೆ. ಪುಸ್ತಕದಲ್ಲೇ ಬರ್ದಿದೆ. ಮೂರೂವರೆ ಸಾವಿರ ಇನ್ನೂ ಕೈಲಿದೆ. ಹೇಳು ಅವಳಿಗೆ."

"ಅದು ಕ್ಯಾಂಪರಿನ ಗಾಲಿ ಹೊತ್ತಿರೋದು ಕಣೋ. ಅದರ ಮೂತಿ ಯಾರ ಬೆನ್ನ ಮೇಲಿದೆ?"

ಅವನು ತಿರುಗಿ ಪಿಕಪ್ಪಿನ ತೊಟ್ಟಿಯ ಕಡೆ ನೋಡಿದ.

"ಪಿಕಪ್ಪಿನ ಹಿಂದಿನ ಗಾಲಿ ಮೇಲೆ ಏಳು ಸಾವಿರದ ನೂರು," ಅಂದೆ. "ನಿನ್ನ ಬಾಗಿಲ ಪಕ್ಕದ ಚೀಟೀಲಿ ಎಷ್ಟಿದೆ?"

ಹಿಂದಿನ ಗಾಲಿಗಳು ಎಷ್ಟು ಹೊರಬಲ್ಲವು ಎಂದು ಕಂಪನಿ ಅಂಟಿಸಿದ ಆ ಚೀಟಿ ಅವನಿಗೂ ಗೊತ್ತಿತ್ತು. ಆರು ಸಾವಿರದ ಇನ್ನೂರು. ಇಲ್ಲಿಯ ಗಂಡಸರೆಲ್ಲ ತಪ್ಪುವುದು ಇಲ್ಲೇ. ಎಷ್ಟು ಎಳೆಯುತ್ತದೆ ಎಂಬುದನ್ನು ಕಾಫಿ ಅಂಗಡಿಯಲ್ಲಿ ಹೇಳಿಕೊಳ್ಳುತ್ತಾರೆ, ಎಷ್ಟು ಹೊರುತ್ತದೆ ಎಂದು ಬಾಗಿಲು ತೆಗೆದು ನೋಡುವುದಿಲ್ಲ. ಡೆಲ್ಮರ್ ತೊಟ್ಟಿಯಲ್ಲಿ ಡೀಸೆಲ್ ಟ್ಯಾಂಕ್ ಕೂರಿಸಿದ್ದ, ಉಪಕರಣಗಳ ಎರಡು ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದ. ಕ್ಯಾಂಪರಿನ ಮುಂದಿನ ಗೂಡು ದೊಡ್ಡದೆಂದು ಟ್ವೈಲಾಳ ಬಾಣಲೆ, ಜಾಡಿ, ಹಿಟ್ಟಿನ ಮೂಟೆಗಳನ್ನೆಲ್ಲ ಅಲ್ಲೇ ತುರುಕಿದ್ದ. ಎಲ್ಲವೂ ಆ ಎರಡು ಟೈರುಗಳ ಮೇಲೆ.

ಅವನು ದನಿ ತಗ್ಗಿಸಿದ. "ಒಂಬೈನೂರು ಪೌಂಡು ಏನ್ ಮಹಾ? ನಿಧಾನಕ್ಕೆ ಹೋಗ್ತೀನಿ. ಸರಿ ಇದೆ ಅಂದ್ಬಿಡು ಲಿಯೋಟಾ. ಒಂದೇ ಒಂದು ಮಾತು. ಈ ಕೆಲಸ ಹೋದ್ರೆ ನಾನು ಮತ್ತೆ ಹಾರ್ಲನ್ನ ಕೊಟ್ಟಿಗೆ ಬಳೀಬೇಕು, ಗೊತ್ತಲ್ಲ?"

ಗೊತ್ತಿತ್ತು. ಬೆಟ್ಟದ ಆಚೆಯ ಇಳಿಜಾರೂ ಗೊತ್ತಿತ್ತು. ಮೈಲಿಗಟ್ಟಲೆ ತಿರುವು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಜುಲೈ ಬಿಸಿಲಿನಲ್ಲಿ ಭಾರ ಮೀರಿದ ಟೈರು ಅಂಥಲ್ಲಿ ಬಿರಿದರೆ ಹಿಂದಿನ ಮನೆ ಮುಂದಿನ ಗಾಡಿಯನ್ನು ನೂಕಿಕೊಂಡೇ ಹೋಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಟ್ವೈಲಾ ಪಿಕಪ್ಪಿನಿಂದಿಳಿದು ಕಚೇರಿಯ ಒಳಗೇ ಬಂದಳು. ಕಾರಿನ ಕೀಲಿ ಅವಳ ಕೈಯಲ್ಲಿತ್ತು. ಕಾರನ್ನು ಬೆಳಿಗ್ಗೆಯೇ ತಂದು ಗೋದಾಮಿನ ಅಂಗಳದಲ್ಲಿ ನಿಲ್ಲಿಸಿದ್ದಳು.

"ಏನಂತೆ?" ಅಂದಳು.

ಹೊರಗೆ ಹಾರ್ಲನ್ ಹಾರ್ನ್ ಒತ್ತಿದ. ಅವನ ಹಿಂದಿನವರೂ ಒತ್ತಿದರು. ದೂರದಲ್ಲೊಮ್ಮೆ ಗುಡುಗಿತು. ಡೆಲ್ಮರ್ ಕಿಟಕಿಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಸಾಕಿದವಳು ನಾನು. ಅವನ ಎಷ್ಟೋ ಸುಳ್ಳುಗಳಿಗೆ ಅಪ್ಪನ ಮುಂದೆ ಹೂಂಗುಟ್ಟಿದ್ದೇನೆ. ಟ್ವೈಲಾ ಕೀಲಿಯನ್ನು ನನ್ನ ಮೇಜಿನ ಅಂಚಿಗೆ ಇಡಲು ಕೈ ಚಾಚಿದಳು.

"ಇಡ್ಬೇಡ," ಅಂದೆ. "ಒಂಬೈನೂರು ಜಾಸ್ತಿ ಇದೆ. ಹಿಂದಿನ ಟೈರು ತಡೆಯಲ್ಲ."

ಅವಳು ಕೈ ಹಿಂದಕ್ಕೆಳೆದುಕೊಂಡಳು. ಡೆಲ್ಮರನ ಕುತ್ತಿಗೆ ಕೆಂಪೇರಿತು.

"ಒಳ್ಳೇ ಕೆಲ್ಸ ಮಾಡ್ದೆ ಕಣೆ. ಊರವರ ಮುಂದೆ ನನ್ ಮಾನ ಹರಾಜು ಹಾಕ್ದೆ. ನೀನು ಬರ್ದೇ ಇದ್ರೆ ಬಿಡು ಟ್ವೈಲಾ, ನಾನೊಬ್ನೇ ಹೋಗ್ತೀನಿ."

"ಹೋಗು," ಅಂದಳು ಟ್ವೈಲಾ. "ಹನ್ನೊಂದು ಜನಕ್ಕೆ ನೀನೇ ಬೇಯ್ಸಿಹಾಕು. ಮೊಟ್ಟೆ ಒಡೆಯೋಕೂ ಬರದೋನು."

ಹಾರ್ಲನ್ ಲಾರಿಯಿಳಿದು ಬಂದೇಬಿಟ್ಟ. ಬೈಯಲು ಬಂದವನು ಕಿಟಕಿಯಲ್ಲಿದ್ದ ಅಂಕಿ ನೋಡಿ, ಪಿಕಪ್ಪಿನ ಕುಸಿದ ಹಿಂಭಾಗ ನೋಡಿ, ಟೋಪಿ ಹಿಂದಕ್ಕೆ ಸರಿಸಿದ. ಅವನು ನಗಲಿಲ್ಲ, ಅದೇ ಡೆಲ್ಮರನಿಗೆ ಹೆಚ್ಚು ಚುಚ್ಚಿತೇನೋ. "ಪಕ್ಕಕ್ಕೆ ತಗೊಳ್ಳಪ್ಪ," ಎಂದಷ್ಟೇ ಹೇಳಿ ಹೋದ.

ಡೆಲ್ಮರ್ ಗಾಡಿ ಹತ್ತಿದ. ಹೆದ್ದಾರಿಯ ಕಡೆ ತಿರುಗಿಸುತ್ತಾನೋ ಅಂಗಳದ ಕಡೆಯೋ ಎಂದು ನಾವಿಬ್ಬರೂ ನೋಡುತ್ತ ನಿಂತೆವು. ಗೇಟಿನ ಬಳಿ ಅವನು ನಿಂತ. ಆಮೇಲೆ ಅಂಗಳದ ಕಡೆ ತಿರುಗಿದ.

ನಾನು ಲಾರಿಗಳನ್ನು ತೂಗುತ್ತಲೇ ಇದ್ದೆ. ನಡುನಡುವೆ ಕಿಟಕಿಯಿಂದ ಕಾಣುತ್ತಿತ್ತು: ಡೆಲ್ಮರ್ ಡೀಸೆಲ್ ಟ್ಯಾಂಕಿನ ಬೋಲ್ಟು ಬಿಚ್ಚುತ್ತಿದ್ದ, ಟ್ವೈಲಾ ಜಾಡಿಗಳನ್ನು ಕಾರಿನ ಹಿಂದಿನ ಸೀಟಿಗೆ ಸಾಗಿಸುತ್ತಿದ್ದಳು. ಒಬ್ಬರೊಡನೊಬ್ಬರು ಮಾತಿಲ್ಲ. ಟ್ಯಾಂಕು ಮಾತ್ರ ಇಬ್ಬರೂ ಹಿಡಿದು ಇಳಿಸಿ ಅಂಗಳದಲ್ಲೇ ಬಿಟ್ಟರು. ಉಪಕರಣದ ಒಂದು ಪೆಟ್ಟಿಗೆ ಕಾರಿನ ಡಿಕ್ಕಿಗೆ ಹೋಯಿತು, ಇನ್ನೊಂದು ಕ್ಯಾಂಪರಿನ ಗಾಲಿಗಳ ನೇರಕ್ಕೆ, ನಡುವಿನ ಕೋಣೆಗೆ. ಟ್ವೈಲಾಳೂ ಅವರ ನಾಯಿಯೂ ಕಾರಿನಲ್ಲೇ ಹಿಂದೆ ಬರುವುದೆಂದು ಆಗಿತ್ತು. ಸುಗ್ಗಿಯ ಕಾಲದಲ್ಲಿ ಸಾಲು ದಾಟಿ ಬರುವ ಪದ್ಧತಿ ಇಲ್ಲ. ಅವನು ಮತ್ತೆ ಬಾಲದಲ್ಲಿ ನಿಂತು ಒಂದು ಗಂಟೆ ಕಾದ. ಮೋಡ ಉತ್ತರಕ್ಕೆ ವಾಲಿ ಹೋಗಿತ್ತು, ಗಾಳಿ ಮಾತ್ರ ಬೀಸುತ್ತಿತ್ತು.

ಎರಡನೆಯ ಸಲ ಹಿಂದಿನ ಗಾಲಿಗಳ ಮೇಲೆ ಆರು ಸಾವಿರದ ಇನ್ನೂರ ಅರವತ್ತು ಬಂತು.

ಅರವತ್ತು ಪೌಂಡು. ಇದನ್ನಾದರೂ ಬಿಡಬಹುದಿತ್ತು. ಕಿಟಕಿ ಸರಿಸಿ ಅಂಕಿ ಹೇಳಿದೆ.

ಡೆಲ್ಮರ್ ಇಳಿದು ಹಿಂದಕ್ಕೆ ಹೋಗಿ, ಪಿಕಪ್ಪಿನ ಹಿಂಬಾಗಿಲನ್ನೇ ಕೀಲಿನಿಂದ ಎತ್ತಿ, ತಬ್ಬಿಕೊಂಡು ತಂದು ನನ್ನ ಕಚೇರಿಯ ಗೋಡೆಗೆ ಒರಗಿಸಿದ. ಹಿಂದಿನ ಗಾಲಿಗಳ ಅಂಕಿ ಇಳಿಯಿತು. ಆರು ಸಾವಿರದ ನೂರ ಎಪ್ಪತ್ತು.

"ಸರಿ ಇದೆ," ಅಂದೆ. ಟ್ವೈಲಾ ಆಗಲೇ ಕಾರು ಚಾಲೂ ಮಾಡಿದ್ದಳು.

ಚೀಟಿ ಇಸಿದುಕೊಳ್ಳುವಾಗಲೂ ಅವನು ನನ್ನ ಮುಖ ನೋಡಲಿಲ್ಲ. "ಇವತ್ತು ಮಾಡಿದ್ದು ನನ್ ಲೆಕ್ಕದಲ್ಲಿರುತ್ತೆ ಲಿಯೋಟಾ. ಅಕ್ಟೋಬರ್‌ನಲ್ಲಿ ಬರ್ತೀನಲ್ಲ, ಆಗ ತೀರಿಸ್ಕೋತೀನಿ."

"ಬಂದು ತೀರಿಸ್ಕೊ," ಅಂದೆ. "ಮೊದ್ಲು ಬಾ."

ಅವನು ಗೇಟು ದಾಟಿದ. ಅವನ ಹಿಂದೆ ಟ್ವೈಲಾಳ ಕಾರು, ಕಿಟಕಿಯಲ್ಲಿ ನಾಯಿಯ ತಲೆ. ನಾನು ಮುಂದಿನ ಲಾರಿಯನ್ನು ಕರೆದೆ.