ಕೆಂಪು ದೀಪ ಹಾಕಿದ್ದು ನಾನೇ

ನಾನೊಂದು ಬೋಲ್ಟ್ ಬಿಗಿಯೋ ಮೆಷಿನ್ನು. ಪಿಸ್ತೂಲ್ ಥರ ಹಿಡಿ, ಮೂತೀಲಿ ಬೋಲ್ಟ್ ತಲೆ ಹಿಡಿಯೋ ಸಾಕೆಟ್ಟು, ನೆತ್ತೀಲಿ ಎರಡು ದೀಪ. ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಲ್ಲಿ. ಹೀರೋ ಎಂಟ್ರಿಗೆ ವಿಷಲ್ ಬೀಳುತ್ತೆ ಅಂತ ಕಾದಿದ್ದೆ. ದೊಡ್ಡಬಳ್ಳಾಪುರದ ಬಸ್ ಇಂಜಿನ್ ಫ್ಯಾಕ್ಟರೀಲಿ ನನ್ನ ಡಬ್ಬ ಬಿಚ್ಚಿದೋನು ಆಕಳಿಸಿದ.

ಮೊದಲ ಯಜಮಾನ ಹನುಮಂತರಾಯಪ್ಪ. "ಇಪ್ಪತ್ತು ವರ್ಷ ಕೈಯಲ್ಲೇ ಬಿಗಿದೋನು ನಾನು. ಈ ಹೇರ್ ಡ್ರೈಯರ್ ನಂಗೆ ಹೇಳ್ಕೊಡುತ್ತಾ?" ಅಂತ ನನ್ನ ಕೊಕ್ಕೆಗೆ ಊಟದ ಬ್ಯಾಗ್ ನೇತುಹಾಕ್ತಿದ್ದ. ಹೀರೋ ಮೈಮೇಲೆ ಚಿತ್ರಾನ್ನ!

ಅವನು ಬೇರೆ ಸೆಕ್ಷನ್‌ಗೆ ಹೋದ ಮೇಲೆ ಚಂಪಕ್ಕನ ಕೈಗೆ ಬಂದೆ. ಆ ಕೈ ಅಂದ್ರೆ ಕೈ! ನನ್ನ ಕೆಲಸ ಅರ್ಥ ಮಾಡ್ಕೊಂಡ ಮೊದಲ ಜೀವ ಅವಳೇ. ಮೊದಲು ಬೋಲ್ಟನ್ನ ಒಂದು ಲೆಕ್ಕದ ಬಿಗಿ ಬರೋವರೆಗೂ ತಿರುಗಿಸ್ತೀನಿ. ಅಲ್ಲಿಂದ ಕರೆಕ್ಟಾಗಿ ತೊಂಬತ್ತು ಡಿಗ್ರಿ, ಅಂದ್ರೆ ಕಾಲು ಸುತ್ತು. ಆಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗಿ, ಇಂಜಿನ್ ತಲೇನ ಬಿಗಿಯಾಗಿ ಅಪ್ಕೊಳ್ಳುತ್ತೆ. ಬಿಗಿ, ತಿರುಗು ಎರಡೂ ಸರಿ ಇದ್ರೆ ಹಸಿರು ದೀಪ. ಒಂದು ತಪ್ಪಿದ್ರೂ ಕೆಂಪು. ಯಾರಪ್ಪ ಬಂದ್ರೂ ಕೆಂಪೇ.

ಆಯುಧಪೂಜೆ ಮಾರನೇ ದಿನ, ಒಂದು ಇಂಜಿನ್ ಮೇಲೆ ಹತ್ತರಲ್ಲಿ ಐದು ಬೋಲ್ಟಿಗೆ ಕೆಂಪು ಹಾಕ್ದೆ. ಸೂಪರ್‌ವೈಸರ್ ತೋಂಟದಾರ್ಯ ಓಡಿ ಬಂದ್ರು.

"ಯಾಕ್ರೀ ಚಂಪಕ್ಕ, ಲೈನ್ ನಿಂತಿದೆ?"

"ಕಾಲು ಸುತ್ತು ಪೂರ್ತಿ ಬರ್ತಿಲ್ಲ ಸಾರ್. ಅರ್ಧಕ್ಕೇ ವಿಪರೀತ ಬಿಗಿ ಆಗ್ತಿದೆ."

"ಬಿಗಿ ಆಯ್ತಲ್ಲ, ಇನ್ನೇನ್ ಬೇಕು? ಮೆಷಿನ್ನಿಗೆ ವಯಸ್ಸಾಯ್ತು. ಗುಜರಿಗೆ ಹಾಕಿ, ಇಂಜಿನ್ ಮುಂದೆ ಕಳ್ಸಿ."

ಗುಜರಿ! ಇಂಟರ್ವಲ್‌ಗೇ ಹೀರೋ ಫೋಟೋಗೆ ಹಾರ!

ಚಂಪಕ್ಕ ಪಕ್ಕದ ಇಂಜಿನ್ ಮೇಲೆ ನನ್ನ ಇಟ್ಳು. ಹತ್ತು ಬೋಲ್ಟು, ಹತ್ತೂ ಹಸಿರು.

"ಇವನು ಸುಳ್ಳು ಹೇಳೋನಲ್ಲ ಸಾರ್. ಆ ಬೋಲ್ಟ್ ಬಿಚ್ತೀನಿ."

"ಬಿಚ್ಚಿ ಏನೂ ಸಿಗ್ಲಿಲ್ಲ ಅಂದ್ರೆ?"

"ಇವನ ಜೊತೆ ನನ್ನೂ ಗುಜರಿಗೆ ಹಾಕಿ."

ಆ ಡೈಲಾಗಿಗೆ ನನ್ನ ಮೋಟಾರು ಜುಮ್ ಅಂತು.

ಬೋಲ್ಟ್ ಹೊರಗೆ ಬಂತು. ತುದೀಲಿ ಹಳದಿ ಹಿಟ್ಟು. ತೂತಿಗೆ ಟಾರ್ಚ್ ಬಿಟ್ರೆ, ತಳದಲ್ಲಿ ಗಟ್ಟಿಯಾಗಿ ಕೂತಿದೆ ಅಕ್ಷತೆ! ಬೋಲ್ಟು ಇಂಜಿನ್ನನ್ನ ಅಪ್ಕೊಳ್ಳೋ ಬದಲು ಅಕ್ಕಿಗೆ ಗುದ್ಕೊಂಡು ಬಿಗಿಯಾಗಿತ್ತು. ಹಂಗೇ ಹೋಗಿದ್ರೆ ಯಾವುದೋ ಘಾಟಿಯಲ್ಲಿ ಜನ ತುಂಬಿದ ಬಸ್ಸು ಕೆಟ್ಟು ನಿಲ್ತಿತ್ತು.

"ನಿನ್ನೆ ಪೂಜೇಲಿ ತೆರೆದಿದ್ದ ಇಂಜಿನ್ ಮೇಲೆ ಹಿಡಿಹಿಡಿ ಎಸೆದಿದ್ದು ಯಾರು ಸಾರ್?" ಅಂದ್ಳು ಚಂಪಕ್ಕ.

ತೋಂಟದಾರ್ಯ ಸಾರ್ ಟೋಪಿ ತೆಗೆದು ತಲೆ ಕೆರ್ಕೊಂಡ್ರು. "ಭಕ್ತಿ ಸ್ವಲ್ಪ ಓವರ್ ಆಯ್ತು ಕಣಮ್ಮ."

ಈಗ ನಂಗೆ ನಿಜವಾಗ್ಲೂ ವಯಸ್ಸಾಗಿದೆ. ಟ್ರೈನಿಂಗ್ ರೂಮಿನ ಕಪಾಟಲ್ಲಿ ಕೂತಿದೀನಿ. ಹೊಸಬರಿಗೆ ಚಂಪಕ್ಕ ನನ್ನ ತೋರಿಸಿ ಪಾಠ ಹೇಳ್ತಾಳೆ. ಎಷ್ಟೋ ಸಾವಿರ ಬೋಲ್ಟಿಗೆ ಹಸಿರು ಹಾಕಿದೀನಿ, ಒಂದೂ ನೆನಪಿಲ್ಲ. ಆ ಐದು ಕೆಂಪು ಮಾತ್ರ ಮರೆತಿಲ್ಲ.

ಆಯುಧಪೂಜೆಗೆ ಈಗ ಇಂಜಿನ್ ತೂತುಗಳಿಗೆಲ್ಲ ಮೊದಲು ಟೇಪ್ ಹಾಕ್ತಾರೆ. ಪೂಜೆ ಮುಗಿದ ಮೇಲೆ ತೋಂಟದಾರ್ಯ ಸಾರ್ ನನ್ನ ಹತ್ರ ಬಂದು, ನೆತ್ತಿ ಮೇಲೆ ಅಕ್ಷತೆ ಇಡ್ತಾರೆ. ಒಂದೇ ಒಂದು ಕಾಳು.

"ಸಾಕಾ ಗುರುವೇ?" ಅಂತಾರೆ.

ವೈರ್ ಕಿತ್ತಿಟ್ಟಿದಾರೆ. ಕರೆಂಟ್ ಇದ್ದಿದ್ರೆ ಹಸಿರು ಹಾಕ್ತಿದ್ದೆ.