ಕೊನೆಯ ಕನ್ನಡಿ ಕೂತ ದಿನ

ಅತ್ತೆ ದೂರದರ್ಶಕದ ಗೋಪುರದೊಳಗೆ ಕಾಲಿಟ್ಟವರೇ ಎದುರಿನ ಭಾರಿ ಕನ್ನಡಿಯನ್ನು ನೋಡುತ್ತ ನಿಂತುಬಿಟ್ಟರು.

"ಅಬ್ಬಬ್ಬಾ! ಇದನ್ನ ಹೊಲಿದೋರು ಯಾರೇ?"

ಜೀವಮಾನವಿಡೀ ದರ್ಜಿ ಕೆಲಸ ಮಾಡಿದವರು ಅವರು. ಯಾವುದನ್ನು ಕಂಡರೂ ಮೊದಲು ಹುಡುಕುವುದು ಅದರ ಹೊಲಿಗೆಯನ್ನೇ. ಸೊಸೆಗೆ ನಗು ಬಂದರೂ ಪ್ರಶ್ನೆ ಹಿಡಿಸಿತು. ಜಗತ್ತಿನ ಅತಿ ದೊಡ್ಡ ದೂರದರ್ಶಕಗಳ ಸಾಲಿಗೆ ಸೇರಲಿದ್ದ ಆ ಯಂತ್ರದ ಕನ್ನಡಿ ಒಂದೇ ತುಂಡಲ್ಲ. ಆರು ಮೂಲೆಯ ನೂರಾರು ಕನ್ನಡಿಗಳನ್ನು ಜೇನುಹುಟ್ಟಿನ ಹಾಗೆ ಒತ್ತೊತ್ತಾಗಿ ಜೋಡಿಸಿದ್ದು. ಆ ಜೋಡಣೆಯ ಎಂಜಿನಿಯರ್ ಅವಳೇ. ಇವತ್ತು ಕೊನೆಯದನ್ನು ಕೂರಿಸುವ ದಿನವಾದ್ದರಿಂದ ಮನೆಯವರಿಗೂ ಒಳಗೆ ಬರಲು ಅನುಮತಿ ಸಿಕ್ಕಿತ್ತು.

"ಒಂದೇ ದೊಡ್ಡ ಕನ್ನಡಿ ಮಾಡಬಾರದಿತ್ತಾ?" ಅತ್ತೆ ಕೇಳಿದರು.

"ತನ್ನ ಭಾರಕ್ಕೆ ತಾನೇ ಜೋತು ಬೀಳುತ್ತೆ ಅತ್ತೆ. ಅದಕ್ಕೇ ಚಿಕ್ಕ ಚಿಕ್ಕದು. ಪ್ರತಿಯೊಂದರ ಬೆನ್ನಿಗೂ ಪುಟ್ಟ ಮೋಟರುಗಳಿವೆ. ಒಂದು ಕನ್ನಡಿ ಪಕ್ಕದ್ದಕ್ಕಿಂತ ಕೂದಲೆಳೆಯ ಸಾವಿರದಲ್ಲೊಂದು ಪಾಲು ಜಾರಿದ್ರೂ ಸಾಕು, ಅಂಚಿನ ಸಂವೇದಕ ಹೇಳುತ್ತೆ, ಮೋಟರು ತಳ್ಳಿ ಸರಿ ಮಾಡುತ್ತೆ."

"ಇಷ್ಟೆಲ್ಲ ಯಾಕೆ, ನಕ್ಷತ್ರ ದೊಡ್ಡದಾಗಿ ಕಾಣೋಕಾ?"

"ದೊಡ್ಡದಾಗಿ ಕಾಣೋಕಿಂತ ಬೆಳಕು ಹಿಡಿಯೋಕೆ. ಮಳೆನೀರು ಹಿಡಿಯೋಕೆ ಲೋಟ ಇಡೋದಕ್ಕಿಂತ ಹಂಡೆ ಇಡೋದು ಒಳ್ಳೇದಲ್ವಾ? ಹಾಗೆ."

ಅತ್ತೆ ಕನ್ನಡಿಗಳನ್ನೂ ಸೊಸೆಯ ತಲೆಯನ್ನೂ ನೋಡಿದರು. "ಇಷ್ಟು ಕನ್ನಡಿ ಇಟ್ಕೊಂಡು ತಲೆ ಬಾಚದೆ ಕೆಲಸಕ್ಕೆ ಬರ್ತೀಯಲ್ಲೇ!"

ಮೇಲೆ ಕ್ರೇನ್ ನಡೆಸುವ ತೊಟ್ಟಿಲಲ್ಲಿ ಕೂತವನು ಅವಳ ಗಂಡ. ಅವನು ಹಾಸಿಗೆಯ ಮೇಲೆ ಒದ್ದೆ ಟವಲ್ ಬಿಟ್ಟಿದ್ದಕ್ಕೆ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿ ಮಾತು ನಿಂತಿತ್ತು. ಈಗ ವಾಕಿಟಾಕಿಯಲ್ಲಿ ಮಾತಾಡದೆ ವಿಧಿಯಿರಲಿಲ್ಲ. ಅದರ ಧ್ವನಿ ಗೋಪುರದಲ್ಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

ಅತ್ತೆಯನ್ನು ವೀಕ್ಷಕರ ಕಟಾಂಜನದ ಬಳಿ ಬಿಟ್ಟು, ಅವಳು ಕನ್ನಡಿಗಳ ಮೇಲೆ ಹಾಯಿಸಿದ್ದ ಸೇತುವೆಯ ಮೇಲೆ ಹೊಟ್ಟೆಯೂರಿ ಮಲಗಿದಳು. ಕೆಳಗೆ ಆರು ಮೂಲೆಯ ಒಂದೇ ಒಂದು ಖಾಲಿ ಜಾಗ. ಹೊಸ ಕನ್ನಡಿ ಥಳಥಳಿಸುತ್ತ ಇಳಿದು ಬಂತು. ಸುತ್ತಲಿನ ಕನ್ನಡಿಗಳಿಗೂ ಇದಕ್ಕೂ ನಡುವೆ ಒಂದು ನಾಣ್ಯ ತೂರುವಷ್ಟು ಸಂದು. ಅರ್ಧ ಒಳಗೆ ಹೋಗಿತ್ತು.

ಫಟ್ಟನೆ ದೀಪಗಳು ಆರಿದವು. ಕ್ರೇನ್ ನಿಂತಿತು. ಕರೆಂಟು ಹೋದರೆ ಗೋಡೆಯ ಗಾಳಿಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಮಧ್ಯಾಹ್ನದ ಬೆಳಕಿನ ಜೊತೆಗೆ ಗಾಳಿಯೂ ನುಗ್ಗಿತು. ನೇತಾಡುತ್ತಿದ್ದ ಕನ್ನಡಿ ಮೆಲ್ಲಗೆ ಅಲುಗಿತು. ಅಂಚು ತಗುಲಿದರೆ ಒಂದಲ್ಲ, ಏಳು ಕನ್ನಡಿಗಳು ಹಾಳು.

"ಯಾರೂ ಮುಟ್ಟಬೇಡಿ, ಕರೆಂಟು ಬರೋವರೆಗೂ ಕಾಯೋಣ," ಎಂದರು ವೀಕ್ಷಣಾಲಯದ ನಿರ್ದೇಶಕಿ.

"ಕಾದ್ರೆ ಗಾಳಿ ಕಾಯಲ್ಲ ಮೇಡಂ! ಇಳಿಸೋದೇ ಒಳ್ಳೇದು." ಅವಳು ಸಂದಿನ ಮೇಲಿಂದ ಕಣ್ಣು ತೆಗೆಯದೆ ವಾಕಿಟಾಕಿ ಒತ್ತಿದಳು. "ರೀ, ಕೈಬ್ರೇಕ್ ಸಡಿಲಿಸಿ ಇಳಿಸೋಕಾಗುತ್ತಾ?"

"ಆಗುತ್ತೆ. ನಂಗೆ ಇಲ್ಲಿಂದ ಸಂದು ಕಾಣಲ್ಲ. ನೀನು ಹೇಳ್ತಾ ಹೋಗು."

ನಿರ್ದೇಶಕಿ ಆಗಲಿ ಎಂದು ತಲೆಯಾಡಿಸಿದರು.

"ಸ್ವಲ್ಪ ಇಳಿಸಿ."

"ಸ್ವಲ್ಪ ಅಂದ್ರೆ? ಉಪ್ಪು ಹಾಕೋ ಸ್ವಲ್ಪನಾ, ಸಕ್ಕರೆ ಹಾಕೋ ಸ್ವಲ್ಪನಾ?"

"ಉಪ್ಪು!"

ಕನ್ನಡಿ ಇಳಿಯಿತು. ಗಾಳಿ ಬೀಸಿತು. "ನಿಲ್ಸಿ, ನಿಲ್ಸಿ!" ಅಲುಗಾಟ ತಣ್ಣಗಾಗುವವರೆಗೂ ಕಾದಳು. "ಈಗ ಉಪ್ಪು... ಇನ್ನೊಂದು ಚಿಟಿಕೆ... ಹಾಂ, ಹಾಗೇ... ನಿಲ್ಸಿ!" ಎಡಗಡೆಯ ಸಂದು ಕೂದಲೆಳೆಯಷ್ಟಾಯಿತು. ಅಂಚುಗಳು ತಾಗದಂತೆ ಅವಳು ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಅದರೊಳಗೆ ಇಳಿಬಿಟ್ಟು, ಬೆರಳ ತುದಿಯಿಂದ ಕನ್ನಡಿಯನ್ನು ಮಗುವಿನ ಕೆನ್ನೆಯಂತೆ ಒತ್ತಿ ಹಿಡಿದಳು. "ಈಗ ಬಿಡಿ. ಪೂರ್ತಿ ಬಿಡಿ!"

"ಖಂಡಿತಾನಾ?"

"ನನ್ನ ಮೇಲೆ ನಂಬಿಕೆ ಇಲ್ವಾ?"

ಮೇಲಿನಿಂದ ಉತ್ತರದ ಬದಲು ಕನ್ನಡಿಯೇ ಬಂತು. ಟಕ್ ಎಂದು ಮೆತ್ತಗೆ ಕೂತಿತು.

ಗೋಪುರವೇ ಕಿತ್ತುಹೋಗುವಂತೆ ಚಪ್ಪಾಳೆ. ಅವಳು ಏಳುವ ಗೋಜಿಗೇ ಹೋಗಲಿಲ್ಲ. ಮಲಗಿದಲ್ಲೇ ಗೊಳ್ಳನೆ ನಕ್ಕಳು. ಏಣಿ ಇಳಿದು ಓಡಿಬಂದ ಗಂಡ ಅವಳನ್ನು ಕೈಹಿಡಿದು ಎಬ್ಬಿಸಿದ.

ಕರೆಂಟು ಬಂತು. ಸಂವೇದಕಗಳ ದೀಪಗಳು ಒಂದೊಂದಾಗಿ ಹಸಿರಾದವು. ಇನ್ನು ಕತ್ತಲಿಗಾಗಿ ಕಾಯುವುದೇ ಕೆಲಸ. ಮುಸ್ಸಂಜೆಗೆ ಗೋಪುರದ ಛಾವಣಿ ಗುಡುಗಿನಂತೆ ಸದ್ದು ಮಾಡುತ್ತ ಎರಡು ಹೋಳಾಗಿ ತೆರೆದುಕೊಂಡಿತು. ಮೊದಲು ಕಾಣಿಸಿಕೊಂಡ ನಕ್ಷತ್ರದ ಕಡೆಗೆ ದೂರದರ್ಶಕ ತಿರುಗಿತು. ನಿಯಂತ್ರಣ ಕೊಠಡಿಯ ಪರದೆಯ ನಡುವೆ ಒಂದು ಬಿಳಿಯ ಚುಕ್ಕೆ. ದೂರದ ಮೂಲೆಯಲ್ಲಿ ಇನ್ನೊಂದು, ಮಂಕಾದ ಸಣ್ಣ ಚುಕ್ಕೆ.

"ಎರಡು ನಕ್ಷತ್ರನಾ?" ಅತ್ತೆ ಕೇಳಿದರು.

"ಎರಡೂ ಒಂದೇ. ನಡುವಿನದು ಹಳೆಯ ಕನ್ನಡಿಗಳೆಲ್ಲ ಸೇರಿ ಹಿಡಿದದ್ದು. ಮೂಲೆಯದು ಇವತ್ತು ಬಂದ ಕನ್ನಡಿದು. ಇನ್ನೂ ಹೊಸ ನೆಂಟ, ಎಲ್ಲಿ ಕೂರಬೇಕೋ ಗೊತ್ತಿಲ್ಲ."

ಸೊಸೆ ಕೀಬೋರ್ಡಿನ ಕೀಲಿ ಒತ್ತಿದಳು. ಕನ್ನಡಿಯ ಬೆನ್ನಿನ ಮೋಟರುಗಳು ಅದನ್ನು ಕಾಣದಷ್ಟು ವಾಲಿಸಿದವು. ಸಣ್ಣ ಚುಕ್ಕೆ ತೆವಳಿತು, ದಾರಿ ತಪ್ಪಿತು, ಮತ್ತೆ ತಿರುಗಿತು. ಅದು ನಡುವಿನ ಚುಕ್ಕೆಯ ಮೈಗೆ ತಾಗಿ, ಅದರೊಳಗೇ ಕರಗಿಹೋಯಿತು.

"ಸೇರ್ತು! ಸೇರ್ತು ಕಣೇ!" ಎಲ್ಲರಿಗಿಂತ ಮೊದಲು ಕೂಗಿದ್ದು ಅತ್ತೆ.

ನಿರ್ದೇಶಕಿಗೆ ತಡೆಯಲಾಗಲಿಲ್ಲ. "ಯಾವುದಾದ್ರೂ ಖಾಲಿ ಜಾಗಕ್ಕೆ ತಿರುಗಿಸಿ, ಏನೂ ಇಲ್ಲದ ಜಾಗಕ್ಕೆ!" ಎಂದರು. ಕತ್ತಲು ದಟ್ಟವಾಗುತ್ತಿದ್ದ ಹಾಗೆ ಕಪ್ಪು ಪರದೆಯ ಮೇಲೆ ಬೆಳಕು ಸಂಗ್ರಹವಾಗತೊಡಗಿತು. ಮೊದಲು ಹೊಗೆಯಂತಹ ಒಂದು ಕಲೆ. ಆಮೇಲೆ ಮೂರು. ಆಮೇಲೆ ಹಿಡಿ ಅಕ್ಕಿ ಚೆಲ್ಲಿದ ಹಾಗೆ ಎಲ್ಲೆಂದರಲ್ಲಿ.

"ಏನೋ ಇದೆಲ್ಲ?" ಅತ್ತೆ ಮಗನ ತೋಳು ಹಿಡಿದರು.

"ಒಂದೊಂದೂ ಗ್ಯಾಲಕ್ಸಿ, ನಕ್ಷತ್ರಗಳ ಊರು ಕಣಮ್ಮ. ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿ ಮೇಲೆ ಮನುಷ್ಯರೇ ಇರ್ಲಿಲ್ಲ."

"ಅಷ್ಟು ದೂರದಿಂದ ನಡ್ಕೊಂಡು ಬಂದದ್ದಾ! ಸರಿ ಹಾಗಾದ್ರೆ, ಆ ಕಡೇದು ತೋರಿಸಿ."

ಅವರು ಕುರ್ಚಿ ಎಳೆದು ಪರದೆಯ ಮುಂದೆಯೇ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ಯಾರೂ ಏಳಲಿಲ್ಲ. ಆಕಾಶ ಸ್ವಚ್ಛವಾಗಿತ್ತು, ಇಡೀ ರಾತ್ರಿ ಇನ್ನೂ ಮುಂದಿತ್ತು.